ಲೆಗೋನಾ, ಆರ್ಡುಯಿನೋನಾ? ಎಂಟು ಮಕ್ಕಳ ಟೀಮಿಗೆ ಯಾವ ಕಿಟ್ ತಗೊಳ್ಲಿ?

ಕುಶಾವತಿ_ಮೇಷ್ಟ್ರು:
ನಮಸ್ಕಾರ ಎಲ್ರಿಗೂ. ತೀರ್ಥಹಳ್ಳಿ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. 7ರಿಂದ 9ನೇ ಕ್ಲಾಸಿನ ಎಂಟು ಮಕ್ಕಳು ರೋಬೋ ಟೀಮ್ ಮಾಡೋಣ ಸಾರ್ ಅಂತ ದುಂಬಾಲು ಬಿದ್ದಿದಾರೆ, ಅಡಿಕೆ ಮಾರಿದ ಖುಷಿಯಲ್ಲಿ ಪೋಷಕರು ಸೇರಿ 30,000 ಕೊಟ್ಟೂ ಆಯ್ತು. ಒಬ್ರು ಡೀಲರ್ ಬಂದು ದೊಡ್ಡ ಡಬ್ಬಿ ತೋರಿಸಿದ್ರು, ಒಂದು ಮೋಟರ್ ಸುಟ್ಟೋದ್ರೆ ಬಿಡಿಯಾಗಿ ಸಿಗತ್ತಾ ಅಂದಿದ್ದಕ್ಕೆ 'ಹೊಸ ಕಿಟ್ಟೇ ತಗೋಬೇಕು ಸಾರ್' ಅಂದ್ರು. ಅಲ್ಲಿಗೆ ನನ್ನ ಉತ್ಸಾಹ ಅರ್ಧ ಇಳೀತು. ತುಂಡು ಜೋಡಿಸಿ ಮಾಡೋ ಲೆಗೋ ಕಿಟ್ ಒಳ್ಳೇದಾ, ವೈರ್ ಹಾಕಿ ಕೋಡ್ ಬರೆದು ಓಡಿಸೋ ಆರ್ಡುಯಿನೋ ಬೋರ್ಡಾ? ನಂಗೆ ಕೋಡಿಂಗ್ ಅಷ್ಟಕ್ಕಷ್ಟೇ.

ನಟ್ಟು_ಬೋಲ್ಟು:
ಮೇಷ್ಟ್ರೇ, ಮೊದ್ಲು ಯಾವ ಸ್ಪರ್ಧೆ ಅಂತ ಹೇಳಿ. ಫಸ್ಟ್ ಲೆಗೋ ಲೀಗ್ ಚಾಲೆಂಜ್ ಅಂದ್ರೆ ಮಾತೇ ಇಲ್ಲ, ಕಂಟ್ರೋಲರ್, ಮೋಟರ್, ಸೆನ್ಸರ್ ಎಲ್ಲಾ ಲೆಗೋದೇ ಆಗಿರ್ಬೇಕು, ಮೋಟರ್ ನಾಲ್ಕಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ, ಆರ್ಡುಯಿನೋ ತಗೊಂಡು ಹೋದ್ರೆ ಟೇಬಲ್ ಹತ್ರಾನೂ ಬಿಡಲ್ಲ. ಅದೇ ವರ್ಲ್ಡ್ ರೋಬೋಟ್ ಒಲಿಂಪಿಯಾಡಿನ ಫ್ಯೂಚರ್ ಇಂಜಿನಿಯರ್ಸ್ ವಿಭಾಗದಲ್ಲಿ ಯಾವ ಬೋರ್ಡ್ ಆದ್ರೂ ಆಗತ್ತೆ, ಆದ್ರೆ ಅದು ದೊಡ್ಡ ಮಕ್ಕಳಿಗೆ. ಆಮೇಲೆ ಸೆಕೆಂಡ್ ಹ್ಯಾಂಡ್ ಇವಿ3 (ಲೆಗೋದ ಹಳೇ ರೋಬೋ ಕಿಟ್) ಕಮ್ಮಿಗೆ ಸಿಗತ್ತೆ ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಬೇಡ, ಲೆಗೋದವರು ಅದನ್ನ 2021ಕ್ಕೇ ನಿಲ್ಲಿಸಿದಾರೆ, ಬಿಡಿಭಾಗಕ್ಕೆ ಪರದಾಡ್ತೀರಿ.

ಕುಶಾವತಿ_ಮೇಷ್ಟ್ರು:
ಈ ವರ್ಷ ದೊಡ್ಡ ಸ್ಪರ್ಧೆ ಇಲ್ಲ ಬಿಡಿ. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳ ಫೆಸ್ಟಲ್ಲಿ ಲೈನ್ ಫಾಲೋವರ್ (ಕಪ್ಪು ಗೆರೆ ಹಿಡಿದು ಓಡೋ ರೋಬೋ) ಸ್ಪರ್ಧೆ ಇಡ್ತಾರಲ್ಲ, ಅಷ್ಟೇ.

ಮಳೆಗಾಲದ_ಇಂಬಳ:
ಹಾಗಾದ್ರೆ ಆರ್ಡುಯಿನೋನೇ, ಯೋಚ್ನೆನೇ ಮಾಡ್ಬೇಡಿ. ಆರ್ಡುಯಿನೋದ ಊನೋ ಬೋರ್ಡು, ಗಾಲಿ ತಿರುಗಿಸೋ ಹಳದಿ ಬಿಓ ಮೋಟರ್ ಎರಡು, ಗೆರೆ ಗುರುತಿಸೋ ಐಆರ್ (ಇನ್ಫ್ರಾರೆಡ್) ಸೆನ್ಸರ್, ಬೋರ್ಡ್ ಹೇಳಿದ ಹಾಗೆ ಮೋಟರಿಗೆ ಕರೆಂಟ್ ಕೊಡೋ ಮೋಟರ್ ಡ್ರೈವರ್, ಇಷ್ಟನ್ನ ಬಿಡಿಬಿಡಿಯಾಗಿ ತಗೊಂಡ್ರೆ ನಿಮ್ಮ ದುಡ್ಡಲ್ಲಿ ನಾಲ್ಕು ರೋಬೋ ಆರಾಮಾಗಿ ಆಗತ್ತೆ, ಇಬ್ಬಿಬ್ರಿಗೆ ಒಂದೊಂದು. ಒಂದೇ ಕಿಟ್ ಇದ್ರೆ ಇಬ್ರು ಕೆಲ್ಸ ಮಾಡ್ತಾರೆ, ಆರು ಜನ ಕತ್ತು ಉದ್ದ ಮಾಡ್ಕೊಂಡು ನೋಡ್ತಾರೆ. ಚಾಸಿಗೆ, ಅಂದ್ರೆ ರೋಬೋದ ತಳಕ್ಕೆ, ಫ್ಲೆಕ್ಸ್ ಅಂಗಡಿಯವರ ಹತ್ರ ಉಳಿದ ಸನ್‌ಬೋರ್ಡ್ ತುಂಡು ಕೇಳಿ, ಸುಮ್ನೆ ಕೊಡ್ತಾರೆ.

ನಾವು ಮಾಡಿದ ತಪ್ಪು ನೀವು ಮಾಡ್ಬೇಡಿ. 9 ವೋಲ್ಟಿನ ಚೌಕ ಬ್ಯಾಟರಿ ಹಾಕಿದ್ವಿ, ಗಾಲಿ ನಾಲ್ಕು ಸುತ್ತು ತಿರುಗಿ ಬೋರ್ಡೇ ರೀಸೆಟ್ ಆಗ್ತಿತ್ತು, ಅದಕ್ಕೆ ಮೋಟರ್ ಕೇಳೋ ಕರೆಂಟ್ ಕೊಡೋ ತಾಕತ್ತೇ ಇಲ್ಲ. 18650 ಸೆಲ್ (ರೀಚಾರ್ಜ್ ಮಾಡೋ ಲಿಥಿಯಂ ಸೆಲ್) ಎರಡು ಸೀರೀಸಲ್ಲಿ ಹಾಕಿ, 7.4 ವೋಲ್ಟ್. ಎಲ್ಲರೂ ಹಾಕೋ ಎಲ್298 ಡ್ರೈವರ್ ಸುಮಾರು 2 ವೋಲ್ಟ್ ತಾನೇ ನುಂಗತ್ತೆ, ಉಳಿದಿದ್ದು ಬಿಓ ಮೋಟರಿಗೆ ಸಾಕು.

ಹೊಸನಗರ_ಅಮ್ಮ:
ನಾನು ಒಪ್ಪಲ್ಲ ಇಂಬಳ ಅವ್ರೇ. ನನ್ನ ಮಗ 6ನೇ ಕ್ಲಾಸಲ್ಲಿ ಆರ್ಡುಯಿನೋ ಶುರು ಮಾಡಿ, ವೈರ್ ಲೂಸು, ವೈರ್ ಲೂಸು ಅಂತ ಅತ್ಕೊಂಡೇ ಒಂದು ತಿಂಗಳು ಕಳೆದ. ಲೆಗೋದ ಸ್ಪೈಕ್ ಪ್ರೈಮ್ ಕಿಟ್ಟಲ್ಲಿ ಪ್ಲಗ್ ಚುಚ್ಚಿದ್ರೆ ಮುಗೀತು, ಸ್ಕ್ರ್ಯಾಚ್ ತರ ಬ್ಲಾಕ್ ಜೋಡಿಸಿ ಓಡಿಸ್ಬಹುದು, ಆಮೇಲೆ ಪೈಥಾನೂ ಇದೆ. ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನತ್ತೆ, ಅದು ನಿಜ. 9ನೇ ಕ್ಲಾಸಿನವರು ಜೊತೆಗಿದ್ರೆ ನಿಮ್ಮಲ್ಲಿ ನಡೀಬಹುದೇನೋ.

ಇನ್ನೊಂದು, ನಮ್ಮ ಕಡೆ ಥಂಡಿ ಮರೀಬೇಡಿ. ಜೂನಲ್ಲಿ ಮೇಜಿನ ಮೇಲೆ ಬಿಟ್ಟ ಜಂಪರ್ ವೈರ್ (ಬೋರ್ಡಿಗೆ ಚುಚ್ಚೋ ತುಂಡು ವೈರ್) ಆಗಸ್ಟಲ್ಲಿ ತೆಗೆದ್ರೆ ಪಿನ್ನೆಲ್ಲಾ ಕರ್ರಗೆ, ನಾವು ಎರಡು ದಿನ ಕೋಡಲ್ಲಿ ತಪ್ಪು ಹುಡುಕಿದ್ವಿ! ಈಗ ಹಪ್ಪಳದ ಡಬ್ಬೀಲಿ, ಶೂ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡ್ತೀವಿ. ಹಪ್ಪಳ ಅಟ್ಟದ ಮೇಲೆ.

ಮಳೆಗಾಲದ_ಇಂಬಳ:
ಹಹಹ ಅಮ್ಮ, ವೈರ್ ಲೂಸ್ ಮಾತು ಸತ್ಯ. ಸುಮ್ನೆ ವೈರ್ ಚುಚ್ಚಿ ಜೋಡಿಸೋ ಬ್ರೆಡ್‌ಬೋರ್ಡ್ ಬಿಟ್ಟು ಬೆಸುಗೆ ಹಾಕಿದ್ರೆ ಅರ್ಧ ತಲೆನೋವು ಹೋಗತ್ತೆ, ಮೇಷ್ಟ್ರು ಪಕ್ಕದಲ್ಲಿ ನಿಂತಿರ್ಬೇಕು ಅಷ್ಟೇ. ನಮಗೆ ಬೇರೆ ಕಥೆ ಆಗಿತ್ತು. ಮನೇಲಿ ಸರಿಯಾಗಿ ಓಡಿದ ರೋಬೋ ಶಾಲೇಲಿ ಒಂದೇ ಜಾಗದಲ್ಲಿ ದಾರಿ ತಪ್ಪೋದು, ಅದೂ ಹನ್ನೊಂದು ಗಂಟೆ ಮೇಲೇ. ನೋಡಿದ್ರೆ ಮಾಡಿನ ಗಾಜಿನ ಹಂಚಿಂದ ಬಿಸಿಲುಕೋಲು ಸೀದಾ ಕಪ್ಪು ಗೆರೆ ಮೇಲೆ! ಬಿಸಿಲಲ್ಲೂ ಇನ್ಫ್ರಾರೆಡ್ ಇರತ್ತಲ್ಲ, ಸೆನ್ಸರಿಗೆ ಕಪ್ಪೂ ಬಿಳೀನೇ. ಸೆನ್ಸರ್ ಸುತ್ತ ಕಪ್ಪು ರಟ್ಟು ಕಟ್ಟಿದ ಮೇಲೆ ಸರಿಹೋಯ್ತು.

ಕುಶಾವತಿ_ಮೇಷ್ಟ್ರು:
ನಮ್ಮ ಕೋಣೇಲೂ ಗಾಜಿನ ಹಂಚು ಎರಡಿದೆ ಮಾರಾಯ್ರೇ! ಸರಿ, ಬಿಡಿ ಸಾಮಾನೇ ತಗೋತೀವಿ, ನಾಲ್ಕು ಸೆಟ್ಟು. ಮೋಟರ್ ಮಾತ್ರ ನಾಲ್ಕು ಎಕ್ಸ್‌ಟ್ರಾ ಇರ್ಲಿ ಅಲ್ವಾ?

ನಟ್ಟು_ಬೋಲ್ಟು:
ಮೋಟರ್ ನಾಲ್ಕು, ಐಆರ್ ಸೆನ್ಸರೂ ನಾಲ್ಕು. ಬುಧವಾರ ಬೆಂಗಳೂರಿಗೆ ಹೋಗ್ತಿದೀನಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೂ ಹೋಗೋದಿದೆ. ಪಟ್ಟಿ ಕಳ್ಸಿ, ವಾಪಸ್ ಬರ್ತಾ ತರ್ತೀನಿ. 18650 ಚಾರ್ಜರ್ ಬರೆಯೋದು ಮರೀಬೇಡಿ, ಎಲ್ರೂ ಅದನ್ನೇ ಬಿಡ್ತಾರೆ.