ಕ್ಲಬ್ ತಂಡವೇ ನೇರವಾಗಿ ರಾಷ್ಟ್ರೀಯ ವಾಲಿಬಾಲ್ ಚಾಂಪಿಯನ್‌ಷಿಪ್‌ಗೆ ಹೋಗಲು ಸಾಧ್ಯವೇ?

ಪ್ರಶ್ನೆ: ಕ್ಲಬ್ ಸಂಘಟಕ, ಪಾಂಡವಪುರ ತಾಲ್ಲೂಕು

ನಮ್ಮ ಊರಿನ ಕ್ಲಬ್ಬಿನಲ್ಲಿ ಪ್ರೌಢಶಾಲೆ ಮತ್ತು ಪಿಯು ಓದುತ್ತಿರುವ ಹೆಣ್ಣುಮಕ್ಕಳ ಒಂದು ತಂಡವಿದೆ. ಮಂಡ್ಯ, ಮೈಸೂರು ಸುತ್ತಮುತ್ತಲಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಈ ಮಕ್ಕಳು ಒಟ್ಟಿಗೆ ಆಡಿ ಹಲವು ಬಾರಿ ಗೆದ್ದಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮಗಳ ಕ್ಲಬ್ ತಂಡ ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ‘ಬಿಡ್’ ಪಡೆದಿದೆಯೆಂಬ ಸುದ್ದಿ ತಿಳಿದಾಗಿನಿಂದ, ನಮ್ಮ ತಂಡವೂ ಹಾಗೆಯೇ ಹೋಗಬಹುದಲ್ಲವೇ ಎಂದು ಪೋಷಕರು ಕೇಳುತ್ತಿದ್ದಾರೆ. ಅಲ್ಲಿ ಕ್ಲಬ್ ತಂಡಗಳು ಅರ್ಹತೆ ಪಡೆಯುವುದು ಹೇಗೆ, ನಮ್ಮಲ್ಲಿ ಅಂಥ ದಾರಿ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಮೈಸೂರಿನ ಪೋಷಕಿ, ಸದ್ಯ ಅಮೆರಿಕದಲ್ಲಿ ವಾಸ

ಇಲ್ಲಿ ಬಾಲಕಿಯರ ಜೂನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುವುದು ‘ಯುಎಸ್‌ಎ ವಾಲಿಬಾಲ್’ ಎಂಬ ರಾಷ್ಟ್ರೀಯ ಸಂಸ್ಥೆ. ಜುಲೈ 1ನ್ನು ಗಡಿ ದಿನವಾಗಿಟ್ಟುಕೊಂಡು ವಯೋವರ್ಗವನ್ನು ನಿರ್ಧರಿಸುತ್ತಾರೆ. ವಸಂತದ ತಿಂಗಳುಗಳಲ್ಲಿ ಮಿನಿಯಾಪೊಲಿಸ್, ಅಟ್ಲಾಂಟಾ, ಇಂಡಿಯಾನಾಪೊಲಿಸ್‌ನಂಥ ನಗರಗಳಲ್ಲಿ ‘ನ್ಯಾಷನಲ್ ಕ್ವಾಲಿಫೈಯರ್’ ಎಂಬ ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಅಲ್ಲಿ ಪ್ರತಿ ವಯೋವರ್ಗದಲ್ಲೂ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಗಳಿರುತ್ತವೆ. ಅವುಗಳಲ್ಲಿ ಅತ್ಯಂತ ಕಠಿಣವಾದದ್ದು ‘ಓಪನ್’. ಮೇಲಿನ ಸ್ಥಾನಗಳನ್ನು ಪಡೆದ ತಂಡಗಳಿಗೆ ಬಿಡ್, ಎಂದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡುವ ಅರ್ಹತೆ, ದೊರೆಯುತ್ತದೆ. ಗೆದ್ದ ತಂಡದ ಬಳಿ ಮೊದಲೇ ಬಿಡ್ ಇದ್ದರೆ ಅದು ಕೆಳಗಿನ ಸ್ಥಾನದ ತಂಡಕ್ಕೆ ಇಳಿಯುತ್ತದೆ. ಆದ್ದರಿಂದ ಋತುವಿನ ಕೊನೆಯ ಕ್ವಾಲಿಫೈಯರ್‌ಗಳಲ್ಲಿ ನಾಲ್ಕನೆಯ, ಐದನೆಯ ಸ್ಥಾನಕ್ಕಾಗಿ ನಡೆಯುವ ಪಂದ್ಯವೂ ಫೈನಲ್ಲಿನಷ್ಟೇ ಬಿಗಿಯಾಗಿರುವುದುಂಟು. ಇದಲ್ಲದೆ ದೇಶವನ್ನು ಹಂಚಿಕೊಂಡಿರುವ ಪ್ರಾದೇಶಿಕ ಘಟಕಗಳ ಚಾಂಪಿಯನ್‌ಷಿಪ್‌ಗಳಿಂದಲೂ ಕೆಲವು ವಿಭಾಗಗಳಿಗೆ ಬಿಡ್ ಸಿಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಆ ಬಿಡ್ ಸಲ್ಲುವುದು ಒಬ್ಬೊಬ್ಬ ಆಟಗಾರ್ತಿಗಲ್ಲ, ಇಡೀ ಕ್ಲಬ್ ತಂಡಕ್ಕೆ. ಒರ್ಲ್ಯಾಂಡೊದಲ್ಲಿ ಎಎಯು (ಅಮೆಚೂರ್ ಅಥ್ಲೆಟಿಕ್ ಯೂನಿಯನ್) ಎಂಬ ಬೇರೊಂದು ಕ್ರೀಡಾ ಸಂಸ್ಥೆ ನಡೆಸುವ ಇನ್ನೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಂತೂ ಬಹುಪಾಲು ವಿಭಾಗಗಳಲ್ಲಿ ಅರ್ಹತಾ ಸುತ್ತೇ ಇಲ್ಲ, ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದರೆ ಸಾಕು. ಎರಡೂ ‘ನ್ಯಾಷನಲ್ಸ್’ ಎಂದೇ ಕರೆಸಿಕೊಳ್ಳುವುದರಿಂದ ನಿಮ್ಮ ಬಂಧುಗಳ ಮಗಳು ಹೋಗುತ್ತಿರುವುದು ಯಾವುದಕ್ಕೆ ಎಂದು ಕೇಳಿ ತಿಳಿಯುವುದು ಒಳ್ಳೆಯದು. ಪ್ರಯಾಣ, ವಸತಿ, ತರಬೇತಿಯ ಖರ್ಚೆಲ್ಲ ಪೋಷಕರ ಮೇಲೆಯೇ ಬೀಳುವುದರಿಂದ, ಆಟ ಚೆನ್ನಾಗಿದ್ದರೂ ಹಣವಿಲ್ಲದೆ ಹಿಂದೆ ಸರಿಯುವ ಮಕ್ಕಳು ಇಲ್ಲಿಯೂ ಇದ್ದಾರೆ.

ಉತ್ತರ 2: ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ

ನಮ್ಮಲ್ಲಿ ಸಬ್ ಜೂನಿಯರ್, ಜೂನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಆಡುವುದು ಮುಖ್ಯವಾಗಿ ರಾಜ್ಯ ತಂಡಗಳು. ಹೀಗಾಗಿ ಎಷ್ಟೇ ಬಲಿಷ್ಠವಾಗಿದ್ದರೂ ಒಂದು ಹಳ್ಳಿಯ ಕ್ಲಬ್ ತನ್ನ ಹೆಸರಿನಲ್ಲಿ ಅಲ್ಲಿಗೆ ಹೋಗಲಾರದು. ಆಟಗಾರ್ತಿ ಮೊದಲು ಜಿಲ್ಲಾ ತಂಡದ ಆಯ್ಕೆಯಲ್ಲಿ ಪಾಲ್ಗೊಳ್ಳಬೇಕು, ಜಿಲ್ಲಾ ತಂಡದ ಪರವಾಗಿ ರಾಜ್ಯಮಟ್ಟದ ಚಾಂಪಿಯನ್‌ಷಿಪ್ ಆಡಬೇಕು, ಅಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದು ಶಿಬಿರಕ್ಕೆ ಹೋಗಿ ಕೊನೆಯ ಪಟ್ಟಿಯಲ್ಲಿ ಉಳಿದುಕೊಳ್ಳಬೇಕು.

ಶಾಲಾ ಕ್ರೀಡಾಕೂಟದ ದಾರಿ ಸ್ವಲ್ಪ ಬೇರೆ. ತಾಲ್ಲೂಕಿನಲ್ಲಿ ಗೆದ್ದ ಶಾಲೆಯ ತಂಡ ಜಿಲ್ಲೆಗೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಮುಂದೆ ರಾಜ್ಯಮಟ್ಟಕ್ಕೆ ಹೋಗುತ್ತದೆ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ 14, 17 ಮತ್ತು 19 ವರ್ಷದೊಳಗಿನವರ ರಾಷ್ಟ್ರೀಯ ಕೂಟಗಳಿಗೆ ಹೋಗುವುದು ಮಾತ್ರ ಆಯ್ಕೆ ಮಾಡಿದ ರಾಜ್ಯ ತಂಡವೇ. ನಿಮ್ಮ ಕ್ಲಬ್ಬಿನ ಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿದ್ದರೆ ತಾಲ್ಲೂಕು ಮಟ್ಟದಲ್ಲೇ ಪರಸ್ಪರ ಎದುರಾಳಿಗಳಾಗುತ್ತಾರೆ. ಅದಕ್ಕಾಗಿ ಯಾರೂ ಬೇಸರಪಡಬೇಕಿಲ್ಲ. ಮೂರು ಶಾಲೆಗಳಲ್ಲಿ ಹಂಚಿಹೋದ ಮಕ್ಕಳನ್ನು ನೋಡಲು ಆಯ್ಕೆಗಾರರಿಗೆ ಮೂರು ತಂಡಗಳ ಪಂದ್ಯಗಳು ಸಿಗುತ್ತವೆ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ‘ನ್ಯಾಷನಲ್’ ಎಂಬ ಹೆಸರಿಟ್ಟುಕೊಂಡು ಪ್ರವೇಶ ಶುಲ್ಕ ಪಡೆದು ಯಾವ ಕ್ಲಬ್ಬನ್ನಾದರೂ ಸೇರಿಸಿಕೊಳ್ಳುವ ಖಾಸಗಿ ಕೂಟಗಳ ಆಹ್ವಾನ ನಿಮಗೂ ಬಂದೀತು. ಮಾನ್ಯತೆಯಿಲ್ಲದ ಅಂಥ ಕೂಟದ ಪ್ರಮಾಣಪತ್ರ ಕ್ರೀಡಾ ಕೋಟಾದಡಿ ಸೀಟಿಗಾಗಲಿ ನೌಕರಿಗಾಗಲಿ ಕೆಲಸಕ್ಕೆ ಬರುವುದಿಲ್ಲ. ರೈತ ಕುಟುಂಬಗಳು ಸಾಲ ಮಾಡಿ ಮಕ್ಕಳನ್ನು ದೂರದ ರಾಜ್ಯಗಳಿಗೆ ಕಳಿಸಿದ್ದನ್ನು ಕಂಡಿದ್ದೇನೆ. ದುಡ್ಡು ಕಟ್ಟುವ ಮೊದಲು ಆ ಕೂಟಕ್ಕೆ ಮಾನ್ಯತೆ ನೀಡಿದವರು ಯಾರೆಂದು ರಾಜ್ಯ ವಾಲಿಬಾಲ್ ಸಂಸ್ಥೆಯಲ್ಲಿ ವಿಚಾರಿಸಿ.

ಉತ್ತರ 3: ಮಾಜಿ ಜಿಲ್ಲಾ ಆಟಗಾರ, ಮೈಸೂರು

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಈ ಪದ್ಧತಿಯಲ್ಲಿ ನಷ್ಟವೂ ಇದೆ. ವಾಲಿಬಾಲ್‌ನಲ್ಲಿ ಚೆಂಡನ್ನು ಎತ್ತಿಕೊಡುವ ಲಿಫ್ಟರ್ ಮತ್ತು ಅದನ್ನು ಹೊಡೆಯುವ ಸ್ಮ್ಯಾಷರ್ ನಡುವಿನ ಹೊಂದಾಣಿಕೆ ವರ್ಷಗಟ್ಟಲೆ ಒಟ್ಟಿಗೆ ಆಡಿದಾಗ ಮಾತ್ರ ಕೂಡಿಬರುವಂಥದ್ದು. ಕೆಲವೇ ದಿನಗಳ ಶಿಬಿರದಲ್ಲಿ ಜೋಡಿಸಿದ ತಂಡಕ್ಕೆ ಅದು ದಕ್ಕುವುದಿಲ್ಲ. ಎತ್ತರವಿರುವ, ಜೋರಾಗಿ ಹೊಡೆಯುವ ಹುಡುಗಿ ಆಯ್ಕೆಯಲ್ಲಿ ಬೇಗ ಎದ್ದು ಕಾಣುತ್ತಾಳೆ. ತಂಡವನ್ನು ಹಿಡಿದು ನಿಲ್ಲಿಸುವ ಲಿಬೆರೊ, ಎಂದರೆ ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಆಡುವವಳು, ಆಯ್ಕೆಯಲ್ಲಿ ಹಿಂದೆ ಉಳಿಯುತ್ತಾಳೆ. ಜಿಲ್ಲೆಯಿಂದ ರಾಜ್ಯದವರೆಗೆ ಕ್ಲಬ್ಬುಗಳದ್ದೇ ಕಿರಿಯರ ಲೀಗ್ ನಡೆಸಿ, ಗೆದ್ದ ತಂಡಗಳನ್ನು ರಾಷ್ಟ್ರಮಟ್ಟಕ್ಕೆ ಕಳಿಸುವ ವ್ಯವಸ್ಥೆ ನಮಗೂ ಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಅಲ್ಲಿಯವರೆಗೆ ನಿಮ್ಮ ತಂಡ ಒಡೆಯದೆ ಆಡಬಹುದಾದ ಒಂದು ವೇದಿಕೆಯೆಂದರೆ ದಸರಾ ಕ್ರೀಡಾಕೂಟ. ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿದರೆ ಮೈಸೂರಿನಲ್ಲಿ ರಾಜ್ಯಮಟ್ಟದ ಪಂದ್ಯಗಳನ್ನು ಆಡಬಹುದು. ಅಲ್ಲಿಂದ ರಾಷ್ಟ್ರೀಯ ಕೂಟಕ್ಕೆ ದಾರಿಯಿಲ್ಲ, ನಿಜ. ಆದರೆ ಹಿರಿಯರ ಎದುರು ಆಡಿ ಹದಗೊಂಡ ಹುಡುಗಿಯರು ಜಿಲ್ಲಾ ಆಯ್ಕೆಯ ದಿನ ಅಳುಕುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಜಿಲ್ಲಾ ಆಯ್ಕೆಗೆ ಮಕ್ಕಳನ್ನು ಕಳಿಸುವುದಾದರೆ ಈಗಿನಿಂದಲೇ ಯಾವ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳಬೇಕು?

ಉತ್ತರ 2 ಬರೆದವರು

ಮೊಟ್ಟಮೊದಲು ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲಾತಿಯಲ್ಲಿ ಹುಟ್ಟಿದ ದಿನಾಂಕವೂ ಹೆಸರಿನ ಕಾಗುಣಿತವೂ ಒಂದೇ ಇವೆಯೇ ಎಂದು ನೋಡಿ. ವ್ಯತ್ಯಾಸವಿದ್ದರೆ ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸುವ ಕ್ರಮವೂ ಇದೆ, ಆದ್ದರಿಂದ ವಯಸ್ಸು ಕಡಿಮೆ ತೋರಿಸುವ ಸಲಹೆಯನ್ನು ಯಾರಿಂದಲೂ ಕೇಳಬೇಡಿ. ಇವುಗಳ ಜೊತೆಗೆ ವ್ಯಾಸಂಗ ಪ್ರಮಾಣಪತ್ರ, ಭಾವಚಿತ್ರಗಳು ಮತ್ತು ಪೋಷಕರ ಒಪ್ಪಿಗೆ ಪತ್ರ ಇರಲಿ. ಆಯ್ಕೆಯ ದಿನಾಂಕಗಳು ಬಹಳ ಮುಂಚೆ ಪ್ರಕಟವಾಗುವುದಿಲ್ಲವಾದ್ದರಿಂದ ಜಿಲ್ಲಾ ವಾಲಿಬಾಲ್ ಸಂಸ್ಥೆಯವರನ್ನು ಈ ವಾರವೇ ಭೇಟಿ ಮಾಡಿ, ಕ್ಲಬ್ಬಿನ ಹೆಸರನ್ನೂ ನಿಮ್ಮ ದೂರವಾಣಿ ಸಂಖ್ಯೆಯನ್ನೂ ಕೊಟ್ಟು ಬನ್ನಿ.