ತೂಕ ಇಳಿಸುವ ಆಪರೇಷನ್ ಮತ್ತು ಮರೆವು: ತಜ್ಞರಲ್ಲಿ ಕೇಳಿ

ಪ್ರಶ್ನೆ (ಸುರತ್ಕಲ್): ಡಾಕ್ಟ್ರೇ, ನನ್ನ ಅಕ್ಕನಿಗೆ 44 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 41, ಶುಗರ್ ಉಂಟು. ಮುಂದಿನ ತಿಂಗಳು ಸ್ಲೀವ್ ಆಪರೇಷನ್, ಅಂದರೆ ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆಯುವುದು. ಹೊಟ್ಟೆ ಕತ್ತರಿಸಿದರೆ ಬುದ್ಧಿ ಮಂಕಾಗ್ತದೆ ಅಂತ ನೆಂಟರು ಹೆದರಿಸ್ತಿದ್ದಾರೆ. ಅವಳಿಗೆ ಈಗಲೇ ಹೆಸರು, ಇಟ್ಟ ಸಾಮಾನು ಎಲ್ಲ ಮರೆತು ಹೋಗ್ತದೆ.

ನರರೋಗ ತಜ್ಞರು: ನೆಂಟರು ಹೇಳುವುದಕ್ಕೆ ಸಂಶೋಧನೆಯ ಆಧಾರ ಇಲ್ಲ, ಸಿಕ್ಕಿದ ಫಲಿತಾಂಶ ಹೆಚ್ಚಾಗಿ ತದ್ವಿರುದ್ಧ. ಅಮೆರಿಕದ ಜಾನ್ ಗನ್‌ಸ್ಟಾಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಆಪರೇಷನ್ ಆದ 12 ವಾರಕ್ಕೇ ನೆನಪಿನ ಪರೀಕ್ಷೆಯ ಅಂಕ ಏರಿತ್ತು. ನೆದರ್ಲೆಂಡ್ಸ್‌ನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಬಳಿಕ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯ ನೆನಪು, ಯೋಚನಾಶಕ್ತಿ ಪರೀಕ್ಷೆಗಳ ಒಟ್ಟು ಅಂಕ ಶೇ. 20 ಅಥವಾ ಅದಕ್ಕೂ ಜಾಸ್ತಿ ಮೇಲೆ ಹೋಗಿತ್ತು. ಅದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದಾಗ ಅಭ್ಯಾಸದಿಂದಲೂ ಸ್ವಲ್ಪ ಅಂಕ ಏರುತ್ತದೆ. ಹಾಗಾಗಿ ಮರೆವಿಗೆ ಮದ್ದು ಅಂತ ಈ ಆಪರೇಷನ್ ಮಾಡಿಸಬೇಡಿ, ಮರೆವು ಬರುತ್ತದೆ ಅಂತ ಬಿಡಲೂಬೇಡಿ.

ಅಕ್ಕನ ಈಗಿನ ಮರೆವಿಗೆ ಕಾರಣ ಹುಡುಕುವುದು ಹೆಚ್ಚು ಮುಖ್ಯ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಹಗಲಿಡೀ ತೂಕಡಿಸುತ್ತಾರಾ? ಹಾಗಿದ್ದರೆ ಮೊದಲು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಿ. ರಾತ್ರಿ ಆಮ್ಲಜನಕ ಇಳಿದು ನಿದ್ದೆ ತುಂಡಾಗುತ್ತಿದ್ದರೆ ಹೊಸ ವಿಷಯ ತಲೆಯಲ್ಲಿ ನಿಲ್ಲುವುದಿಲ್ಲ. ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟರೆ ಆಪರೇಷನ್‌ಗೆ ಹೋಗುವಾಗ ಅದನ್ನೂ ಒಯ್ಯಿರಿ. ರಕ್ತದಲ್ಲಿ ಬಿ12, ಥೈರಾಯ್ಡ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ನೋಡಿಸಿ. ವರ್ಷಗಟ್ಟಲೆ ಶುಗರ್‌ನ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯ. ಬೇಸರ, ಖಿನ್ನತೆ ಇದ್ದರೂ ಮರೆವಿನ ಹಾಗೆಯೇ ಕಾಣುತ್ತದೆ, ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಲಿ.

ಪ್ರಶ್ನೆ (ಕುಂದಾಪುರ): ಸರ್, ನಮ್ಮ ಯಜಮಾನರಿಗೆ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಆಗಿ 6 ವಾರ. ಹತ್ತು ದಿನದಿಂದ ತಿಂದದ್ದೆಲ್ಲ ವಾಂತಿ. ನಿನ್ನೆಯಿಂದ ನಡೆಯುವಾಗ ಓಲಾಡ್ತಾರೆ, ಒಂದು ಎರಡಾಗಿ ಕಾಣ್ತದಂತೆ, ಕೇಳಿದ್ದನ್ನೇ ಕೇಳ್ತಾರೆ. ಇಲ್ಲೇ ಹತ್ತಿರ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿದರೆ ಸಾಕಾ?

ನರರೋಗ ತಜ್ಞರು: ಸಾಲದು ಅಮ್ಮ. ಈಗಲೇ ಮಣಿಪಾಲ ಅಥವಾ ಉಡುಪಿಯ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೊರಡಿ, ಬೆಳಗಾಗುವವರೆಗೆ ಕಾಯಬೇಡಿ. ಹೋದ ಕೂಡಲೇ ಹೀಗೆ ಹೇಳಿ: "ಬೈಪಾಸ್ ಆಗಿ ಆರು ವಾರ, ಹತ್ತು ದಿನದಿಂದ ವಾಂತಿ, ಥಯಾಮಿನ್ ಕೊರತೆ ಇರಬಹುದು."

ಥಯಾಮಿನ್ ಅಂದರೆ ಬಿ1. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಕಾಗುತ್ತದೆ. ಊಟ ಕಡಿಮೆ, ಮೇಲೆ ವಾಂತಿ. ಹಾಗಾಗಿ ಆಪರೇಷನ್ ಆದ ಮೊದಲ ಮೂರು ತಿಂಗಳಲ್ಲೇ ಈ ತೊಂದರೆ ಹೆಚ್ಚು. ಕಣ್ಣಿನ ಚಲನೆ ತಪ್ಪುವುದು, ಹೆಜ್ಜೆ ತಪ್ಪುವುದು, ಗಲಿಬಿಲಿ, ಇವು ವರ್ನಿಕೆ ಎನ್ಸೆಫಲೋಪತಿಯ, ಅಂದರೆ ಬಿ1 ಕೊರತೆಯಿಂದ ಮಿದುಳಿಗೆ ಆಗುವ ಹಾನಿಯ ಲಕ್ಷಣಗಳು. ಮೂರೂ ಒಟ್ಟಿಗೆ ಬರುವುದು ಅಪರೂಪ, ಒಂದೇ ಕಂಡರೂ ಸಂಶಯಪಡಬೇಕು.

ಗ್ಲೂಕೋಸ್ ಉರಿಸಲು ಜೀವಕೋಶಕ್ಕೆ ಥಯಾಮಿನ್ ಬೇಕು. ಅದಿಲ್ಲದ ಮಿದುಳಿಗೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರು ಥಯಾಮಿನ್ ಕೂಡ ಖರ್ಚಾಗಿ ಹಾನಿ ಹೆಚ್ಚುತ್ತದೆ. ಆದ್ದರಿಂದ ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಬೆರಳು ಚುಚ್ಚಿ ನೋಡುವಾಗ ಶುಗರ್ ತೀರಾ ಇಳಿದಿದ್ದರೆ ಮಾತ್ರ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ 500 ಮಿ.ಗ್ರಾಂ. ಥಯಾಮಿನ್ ದಿನಕ್ಕೆ ಮೂರು ಸಲ, ಸಲೈನ್‌ನಲ್ಲಿ ಬೆರೆಸಿ, ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ ಹೋಗುತ್ತದೆ. ಮೆಗ್ನೀಷಿಯಂ ಕಡಿಮೆ ಇದ್ದರೆ ಥಯಾಮಿನ್ ಸರಿಯಾಗಿ ಕೆಲಸ ಮಾಡದು, ಅದನ್ನೂ ತುಂಬಬೇಕು. ರಕ್ತದ ರಿಪೋರ್ಟಿಗೆ ಕಾಯುವ ರೋಗ ಇದಲ್ಲ. ಎಂಆರ್‌ಐ ಸರಿ ಬಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಕಣ್ಣು ಬೇಗ ಸುಧಾರಿಸುತ್ತದೆ, ನಡಿಗೆಗೆ ವಾರಗಳು ಬೇಕು. ತಡವಾದರೆ ಹೊಸ ನೆನಪು ಉಳಿಯದ ಸ್ಥಿತಿ ಕಾಯಂ ಆಗಬಹುದು. ನಾನು ಅವಸರ ಮಾಡುತ್ತಿರುವುದು ಅದಕ್ಕೇ.

ಪ್ರಶ್ನೆ ಕೇಳಿದವರು: ಕಾರಲ್ಲಿ ಹೊರಟೆವು ಸರ್. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲುಂಟು.

ನರರೋಗ ತಜ್ಞರು: ಒಳ್ಳೆಯದಾಯಿತು. ಆಪರೇಷನ್ ಮಾಡಿದ ಸರ್ಜನರಿಗೂ ದಾರಿಯಲ್ಲೇ ಫೋನ್ ಮಾಡಿ. ಜೋಡಿಸಿದ ಜಾಗ ಕಿರಿದಾಗಿದೆಯಾ, ಹುಣ್ಣಾಗಿದೆಯಾ ಅಂತ ಎಂಡೋಸ್ಕೋಪಿಯಲ್ಲಿ ನೋಡಬೇಕಾದೀತು. ವಾಂತಿಯ ಕಾರಣ ಸಿಗದಿದ್ದರೆ ಇದೇ ಮತ್ತೆ ಬರುತ್ತದೆ.

ಪ್ರಶ್ನೆ (ಕಾಪು): ಇದನ್ನು ಓದಿ ಹೆದರಿಕೆ ಆಯ್ತು. ದಿನಾ ಕುಚ್ಚಲಕ್ಕಿ ಗಂಜಿ ಕುಡಿದರೆ ಬಿ1 ಸಿಗುವುದಿಲ್ವಾ ಮೇಡಂ?

ಆಹಾರ ತಜ್ಞೆ: ಬೆಳ್ತಿಗೆಗಿಂತ (ಬಿಳಿ ಅಕ್ಕಿ) ಕುಚ್ಚಲಕ್ಕಿಯಲ್ಲಿ ಹೆಚ್ಚು ಉಂಟು, ನಿಜ. ಭತ್ತ ಬೇಯಿಸುವಾಗ ತೌಡಿನ ಥಯಾಮಿನ್ ಸ್ವಲ್ಪ ಕಾಳಿನೊಳಗೆ ಇಳಿಯುತ್ತದೆ. ಆದರೆ ಅದು ನೀರಲ್ಲಿ ಕರಗುವಂಥದ್ದು, ತಿಳಿ ಬಸಿದು ಚೆಲ್ಲಿದರೆ ಹೋಯಿತು. ಆಪರೇಷನ್ ಆದವರು ಒಂದು ಹೊತ್ತಿಗೆ ಕುಡಿಯುವುದೇ ನಾಲ್ಕೈದು ಚಮಚ, ಅದರಿಂದ ತುಂಬುವುದಿಲ್ಲ. ದಿನಕ್ಕೆ ಕನಿಷ್ಠ 12 ಮಿ.ಗ್ರಾಂ. ಥಯಾಮಿನ್ ಮಾತ್ರೆಯಿಂದಲೇ ಬರಬೇಕು. ಮಾತ್ರೆ ವಾಂತಿಯಾಗುತ್ತಿದ್ದರೆ ಇಂಜೆಕ್ಷನ್ ಕೇಳಿ. ಗಂಜಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಪ್ರೋಟೀನ್‌ಗೆ ಜಾಗ ಇರುವುದಿಲ್ಲ, ದಿನಕ್ಕೆ 60 ಗ್ರಾಂ ಆದರೂ ಬೇಕು.

ಪ್ರಶ್ನೆ (ಕಂಕನಾಡಿ): ನನಗೆ ಬೈಪಾಸ್ ಆಗಿ ಎರಡೂವರೆ ವರ್ಷ. ಊಟ ಆಗಿ ಎರಡು ಗಂಟೆಗೆ ಬೆವರು, ನಡುಕ, ಏನು ಹೇಳ್ತಿದ್ದೆ ಅಂತಲೇ ಮರೆಯುತ್ತದೆ. ಪಾದ ಜುಮ್ ಅನ್ನುತ್ತದೆ. ಮಾತ್ರೆ ಬಿಟ್ಟು ಒಂದು ವರ್ಷ ಆಯ್ತು.

ಆಹಾರ ತಜ್ಞೆ: ಇದು ಎರಡು ಬೇರೆ ಬೇರೆ ತೊಂದರೆ ಇದ್ದ ಹಾಗೆ ಕಾಣುತ್ತದೆ. ಬೆವರು, ಗಲಿಬಿಲಿ ಬಂದ ಹೊತ್ತಿಗೇ ಗ್ಲುಕೋಮೀಟರ್‌ನಲ್ಲಿ ನೋಡಿ. 54ಕ್ಕಿಂತ ಕೆಳಗಿದ್ದರೆ ಊಟದ ನಂತರ ಇನ್ಸುಲಿನ್ ಅತಿಯಾಗಿ ಸುರಿದು ಶುಗರ್ ಬೀಳುತ್ತಿದೆ ಅಂತ ಅರ್ಥ. ಆಗ ತಕ್ಷಣ 15 ಗ್ರಾಂ ಗ್ಲೂಕೋಸ್ ತಗೊಳ್ಳಿ, ಸರಿಯಾದ ಮೇಲೆ ಸ್ವಲ್ಪ ಪ್ರೋಟೀನ್. ಆ ಹೊತ್ತಲ್ಲಿ ಸ್ಕೂಟರ್ ಬೇಡ. ತಟ್ಟೆಯಲ್ಲಿ ಮೊದಲು ಬಂಗುಡೆ ಮೀನು, ಮೊಟ್ಟೆ ಅಥವಾ ಹೆಸರುಕಾಳು, ಅನ್ನ ಕೊನೆಗೆ, ಎರಡು ಮೂರು ಚಮಚ. ನೀರುದೋಸೆಗೆ ಬೆಲ್ಲ ತೆಂಗಿನಕಾಯಿ, ಬಾಟ್ಲಿ ಜ್ಯೂಸ್ ಬಿಟ್ಟುಬಿಡಿ. ಈ ರೀಡಿಂಗ್‌ಗಳನ್ನು ಬರೆದಿಟ್ಟು ಎಂಡೋಕ್ರೈನ್ (ಹಾರ್ಮೋನ್ ತಜ್ಞ) ಡಾಕ್ಟರಿಗೆ ತೋರಿಸಿ.

ನರರೋಗ ತಜ್ಞರು: ಪಾದ ಜುಮ್ಮೆನ್ನುವುದಕ್ಕೆ ಬಿ12 ಮೇಲೆ ನನ್ನ ಸಂಶಯ. ಯಕೃತ್ತಿನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ, ಎಲ್ಲ ಸರಿಹೋಯಿತು ಅಂದುಕೊಂಡು ಮಾತ್ರೆ ಬಿಟ್ಟ ಮೇಲೆಯೇ ಕೊರತೆ ತೋರುತ್ತದೆ. ಬೂತಾಯಿ, ಬಂಗುಡೆಯಲ್ಲಿ ಬಿ12 ಧಾರಾಳ. ಆದರೆ ಆಹಾರದಿಂದ ಅದನ್ನು ಬಿಡಿಸುವ ಆಮ್ಲ, ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಜಠರದ ಪ್ರೋಟೀನ್ ಎರಡೂ ಬೈಪಾಸ್ ಆದವರಲ್ಲಿ ಆಹಾರಕ್ಕೆ ಸರಿಯಾಗಿ ಸೇರುವುದಿಲ್ಲ. ದಿನಾ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್, ಇದು ಜೀವನಪರ್ಯಂತ. ಈಗ ನರದ ಲಕ್ಷಣ ಇರುವುದರಿಂದ ಮೊದಲಿಗೆ ಇಂಜೆಕ್ಷನ್ ಹತ್ತಿರ ಹತ್ತಿರ ಬೇಕಾದೀತು. ಫೋಲಿಕ್ ಆಸಿಡ್ ಮಾತ್ರ ನುಂಗಿದರೆ ರಕ್ತಹೀನತೆ ಸರಿಯಾಗಿ, ನರದ ಹಾನಿ ಮುಚ್ಚಿಹೋಗುತ್ತದೆ. ಕೂದಲು ಉದುರುತ್ತದೆಂದು ಸತುವಿನ ಮಾತ್ರೆ ಹೆಚ್ಚು ತಿಂದಿದ್ದರೆ ತಾಮ್ರವನ್ನೂ ನೋಡಿಸಿ, ಅದು ಕಡಿಮೆಯಾದರೂ ಪಾದ, ನಡಿಗೆ ಕೆಡುತ್ತದೆ.

ಆಹಾರ ತಜ್ಞೆ: ಮಾತ್ರೆ ಮತ್ತೆ ಶುರು ಮಾಡುವಾಗ ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಬಿಡಿ. ಕಬ್ಬಿಣವನ್ನು ಚಾ, ಕಾಫಿ ಜೊತೆ ನುಂಗಬೇಡಿ.

ಪ್ರಶ್ನೆ (ಸುರತ್ಕಲ್): ಅಕ್ಕನ ನೆನಪು ಅಳೆಯುವ ಪರೀಕ್ಷೆ ಕನ್ನಡದಲ್ಲಿ ಉಂಟಾ?

ನರರೋಗ ತಜ್ಞರು: ಉಂಟು. ಮೋಕಾ ಎಂಬ 30 ಅಂಕದ ಪರೀಕ್ಷೆ ಕನ್ನಡದಲ್ಲಿ ಸಿಗುತ್ತದೆ, ಹತ್ತು ಹದಿನೈದು ನಿಮಿಷದ ಕೆಲಸ. ತರಬೇತಿ ಪಡೆದವರೇ ಮಾಡಬೇಕು, ಮೊಬೈಲ್‌ನಲ್ಲಿ ನೋಡಿ ಮನೆಯಲ್ಲಿ ಅಭ್ಯಾಸ ಮಾಡಿಸಿದರೆ ಅಂಕಕ್ಕೆ ಬೆಲೆ ಇರುವುದಿಲ್ಲ. ಓದಿದ ವರ್ಷ ಕಡಿಮೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆಪರೇಷನ್‌ಗೆ ಮೊದಲು ಒಮ್ಮೆ, ವರ್ಷದ ನಂತರ ಒಮ್ಮೆ ಮಾಡಿಸಿ. ಆಪರೇಷನ್ ಆದ ಮೊದಲ ಎರಡು ವಾರದಲ್ಲಿ ಬೇಡ, ಅರಿವಳಿಕೆ ಮತ್ತು ನೋವಿನ ಔಷಧಿಯ ಮಂಪರು ಅಂಕದಲ್ಲಿ ಸೇರಿಕೊಳ್ಳುತ್ತದೆ.