ಸಹಾಯ ಬೇಕು: ಕಾನ್ಸುಲರ್ ನೆರವಿನ ಬಗ್ಗೆ ಕನ್ನಡದಲ್ಲಿ ಮಾತಾಡುವವರು
ನಮಸ್ಕಾರ್ರೀ. ರಾಯಚೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗಾಗಿ ಆಡಿಯೊ ಸಂದರ್ಶನಗಳನ್ನು ಮಾಡ್ತಿದ್ದೀವಿ. ಕಾನ್ಸುಲರ್ ನೆರವಿನ (ಪರದೇಶದಲ್ಲಿ ಕಷ್ಟಕ್ಕೆ ಸಿಕ್ಕವರಿಗೆ ಅಲ್ಲಿರುವ ತಮ್ಮ ದೇಶದ ಕಾನ್ಸುಲೇಟ್, ಅಂದ್ರೆ ದೂತಾವಾಸ, ಕೊಡುವ ನೆರವು) ಪ್ರಕರಣ ನಡೆಸಿದ ವಕೀಲರು, ಇಲ್ಲಾ ರಾಯಭಾರ ಕಚೇರಿಯಿಂದ ನಿವೃತ್ತರಾದವರು ಪರಿಚಯವಿದ್ದರೆ ತಿಳಿಸಿ.

ವಿಷಯ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಪರದೇಶದಲ್ಲಿ ಬಂಧನವಾದವರಿಗೆ ತಮ್ಮ ದೇಶದ ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸುವ ಹಕ್ಕಿದೆ, ಅದನ್ನು ಅವರಿಗೆ ತಡಮಾಡದೆ ಹೇಳಲೇಬೇಕು. ಗಲ್ಫ್‌ಗೆ ದುಡಿಯಲು ಹೋದವರ ಮನೆಯವರಿಗೂ ಇದು ಬೇಕಾದ ಮಾಹಿತಿ. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು, ಪಾಕಿಸ್ತಾನ ಈ ವಿಧಿ ಮುರಿದಿದೆ ಎಂದಿತು. ಆದರೆ ಬಿಡುಗಡೆಗೆ ಆದೇಶಿಸಲಿಲ್ಲ, ಶಿಕ್ಷೆಯ ಮರುಪರಿಶೀಲನೆ ಆಗಲಿ ಎಂದಿತು. ಯಾಕೆ ಹಾಗೆ ಅನ್ನೋದನ್ನು ಬಿಡಿಸಿ ಹೇಳುವವರು ಬೇಕು. ಅದೇ ಊರಿನ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು (ಐಸಿಸಿ) ಈ ನ್ಯಾಯಾಲಯದ ಜೊತೆ ಕಲಸುವವರು ಬೇಡ. ಅದು ವ್ಯಕ್ತಿಗಳ ವಿಚಾರಣೆ ನಡೆಸುತ್ತೆ, ಭಾರತ ಅದರ ಸದಸ್ಯನೂ ಅಲ್ಲ.

ತೀರ್ಪಿನ ಆಯ್ದ ಪ್ಯಾರಾ, ಐದು ಪ್ರಶ್ನೆ ವಾರ ಮುಂಚೆ ಕಳಿಸ್ತೀವಿ. "ಜಾಗತಿಕ ನ್ಯಾಯ ಅಂದ್ರೇನು" ಅಂತ ಶುರು ಮಾಡಿದರೆ ಅದು ಭಾಷಣವೇ ಆಗುತ್ತೆ. ಕಾಲ್ ರೆಕಾರ್ಡಿಂಗ್‌ನಲ್ಲಿ ದನಿ ಕಟ್ಟಾಗುತ್ತೆ, ಹಾಗಾಗಿ ಇಬ್ಬರೂ ತಮ್ಮ ತಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಬೇಕು. ಮೊದಲು ಒಂದು ಚಪ್ಪಾಳೆ ಹೊಡೆದರೆ ಎರಡೂ ಫೈಲ್ ಹೊಂದಿಸೋದು ಸುಲಭ. ಫ್ಯಾನ್ ಆರಿಸಬೇಕು (ನಮ್ಮ ಬಿಸಿಲಿಗೆ ಇದೇ ಕಷ್ಟ, ಬೆಳಿಗ್ಗೆ ಆರಕ್ಕೇ ಇಟ್ಟುಕೊಳ್ಳೋಣ).

ಕೇಳಿ ಬರಹಕ್ಕಿಳಿಸುವವರು ಇಬ್ಬರು ಬೇಕು. ಇನ್‌ಬಾಕ್ಸ್ ಮಾಡಿ.